ಖಾರದ ಪುಡಿ ನಡುವ ನಗೂದು ಹ್ಯಾಂಗ

ಸಿಕಂದರಾಬಾದ್ ಮಗ್ಗಲ ನಾಚಾರಂದಾಗ ನಮ್ಮದೊಂದು ಖಾರದ ಪುಡಿ ಕಂಪನಿ ಐತಿ. ನಮ್ಮದು ಅಂದ್ರ ನನ್ನದಲ್ಲ, ನಾ ಅಲ್ಲಿ ಪಾಕೀಟು ತುಂಬತೀನಿ. ದಿನಾ ಒಂದಿಲ್ಲೊಂದು ತಮಾಷಿ ನಡದ ಇರತೈತಿ, ಆದ್ರ ನಗಬೇಕಾದವ್ರು ನಾವು ಕೆಮ್ಮಾಕತ್ತಿರತೀವಿ. ಹೋದ ಬ್ಯಾಸಗಿಯಾಗ ನಮಗ ನಗೂದು ಕಲಿಸಾಕಂತನ ಒಬ್ರನ್ನ ಕರಸಿದ್ರು. ಅವತ್ತಿಂದ ಇವತ್ತಿನ ತನಕಾ ನಾ ಮನಸು ಬಿಚ್ಚಿ ನಕ್ಕಿದ್ದು ಒಂದ ಸಲ. ಅದನ್ನ ಕಡೀಗೆ ಹೇಳತೀನಿ.

ಯಾಕ ಅಳತೀರಿ

ಯುಗಾದಿ ಹಿಂದಮುಂದ ನಮ್ಮ ಶೆಡ್ಡಿನ ಎಗ್ಝಾಸ್ಟ್ ಫ್ಯಾನ್ ಕೆಟ್ಟು ನಿಂತಿತು. ಖಾರದ ಧೂಳ ಹೊರಗ ಹೋಗಾಕ ಅದೊಂದ ದಾರಿ. ನನ್ನ ಮಗ್ಗಲಾಗ ಕೂಡಾಕಿ ಯಾದಗಿರಿ ಕಡೀಯಾಕಿ, ಹಿರಿಯಾಕಿ, ಎಲ್ಲಾರೂ ಅಕ್ಕ ಅಂತೀವಿ. ಅಕಿಗೆ ಕೆಮ್ಮು ಹಿಡೀತು. ‘ಫ್ಯಾನ್ ಹಾಕಸ್ರಿ, ಇಲ್ಲಾ ಕೆಲಸ ಬಿಡ್ರಿ’ ಅಂತ ಡಾಕ್ಟರ್ ಹೇಳಿಬಿಟ್ಟ. ಅಕಿ ಗಂಡ ಕಟ್ಟಡದ ಮ್ಯಾಲಿಂದ ಬಿದ್ದು ಹಾಸಿಗಿ ಹಿಡದಾನ. ಕೆಲಸ ಬಿಟ್ರ ಒಲಿ ಹೊತ್ತಂಗಿಲ್ಲ.

ಅದ ಹೊತ್ತಿಗೆ ಸಿಕಂದರಾಬಾದ್ ಆಫೀಸಿಂದ ಹೊಸಾ ಮ್ಯಾನೇಜರ್ ಬಂದ್ರು. ಶೆಡ್ಡಿಗೆ ಹೊಂದಿ ಅವ್ರು ಕೂಡೂ ಗಾಜಿನ ಕೋಲಿ. ಮೊದಲ್ನೇ ದಿನ ಗಾಜಿನಾಗಿಂದ ನೋಡತಾರ, ಹೆಣಮಕ್ಕಳೆಲ್ಲಾ ಸೆರಗಿಲೆ ಕಣ್ಣ ಒರಸಿಕೋತ ಕುಂತಾರ. ಪಾಪ, ಇವ್ರಿಗೆ ಏನೋ ದುಃಖ ಐತಿ ಅನಕೊಂಡ್ರು. ಮರುವಾರ ಮನಸ್ಸು ತಿದ್ದೋ ತರಬೇತಿಯವ್ರನ್ನ ಕರಕೊಂಡ ಬಂದ್ರು. ನಾವು ಅವ್ರಿಗೆ ಖುಷಿ ಸಾಹೇಬ್ರು ಅಂತ ಹೆಸರಿಟ್ವಿ. ಅರ್ಧ ತೆಲುಗು, ಅರ್ಧ ಹಿಂದಿ ಮಾತಾಡತಿದ್ರು, ನಾ ಕನ್ನಡದಾಗ ಹೇಳತೀನಿ.

‘ಸಾಹೇಬ್ರ, ಫ್ಯಾನ್ ಕೆಟ್ಟೈತ್ರಿ’ ಅಂದ್ಲು ಅಕ್ಕ.

ಅವ್ರು ಎದಿ ಮ್ಯಾಲ ಕೈ ಇಟಗೊಂಡು, ‘ಅಮ್ಮಾ, ಸಮಸ್ಯೆ ಹೊರಗ ಇಲ್ಲ. ಒಳಗ ಐತಿ’ ಅಂದ್ರು.

ಡಾಕ್ಟರೂ ಎಕ್ಸ್‌ರೇ ನೋಡಿ ಇದನ್ನ ಹೇಳಿದ್ದ.

ಉದ್ದಕ ಉಸಿರು

ಎರಡನೇ ಪಾಠ ಉಸಿರಿಂದು. ಕಣ್ಣ ಮುಚ್ಚಿ, ಹೊಟ್ಟಿತನಕಾ ಉಸಿರು ತಗೊಂಡ್ರ ಚಿಂತಿ ಹೋಗತೈತಂತ. ಖಾರದ ಶೆಡ್ಡಿನಾಗ ಹ್ಯಾಂಗ ಉಸಿರಾಡಬೇಕು ಅನ್ನೂದು ನಮಗ ಗೊತ್ತು. ಸೆರಗು ಮೂಗಿಗೆ ಹಿಡದು, ಮೇಲಮ್ಯಾಲ ಒಂಚೂರ ತಗೊಂಡು ಸುಮ್ಮನ ಕುಂತ್ವಿ. ಸಾಹೇಬ್ರಿಗೆ ಅದು ಸರಿ ಬರಲಿಲ್ಲ. ‘ಉಸಿರಿಗೂ ಕಂಜೂಸಿ ಮಾಡತೀರಲ್ಲ, ನನ್ನ ನೋಡ್ರಿ’ ಅಂದವ್ರ ಎರಡೂ ಕೈ ಚಾಚಿ, ಹೊಟ್ಟಿ ಉಬ್ಬೂಹಂಗ ಎಳದ್ರು.

ಕಣ್ಣು ಕೆಂಪಗಾದ್ವು, ಸೀನು, ಕೆಮ್ಮು, ನೆಲಕ್ಕ ಕುಂತಬಿಟ್ರು. ಅಕ್ಕನ ಓಡಿ ಹೋಗಿ ತನ್ನ ಡಬ್ಬಿಯಾಗಿನ ಬೆಲ್ಲ ತಂದು ಬಾಯಾಗ ಹಾಕಿದ್ಲು, ಬೆನ್ನ ತಿಕ್ಕಿದ್ಲು. ಇನ್ನರೆ ಫ್ಯಾನಿನ ಮಾತು ತಲಿಗೆ ಹೋತು ಅಂತ ನಾವು ಒಬ್ರ ಮಾರಿ ಒಬ್ರು ನೋಡಿದ್ವಿ.

ಸಾಹೇಬ್ರು ಮೂಗು ಒರಸಿಕೊಂಡು ಎದ್ದು, ‘ನಿಮ್ಮ ಶೆಡ್ಡಿನಾಗ ನೆಗೆಟಿವಿಟಿ ಎಷ್ಟ ಐತ್ರಿ, ನನಗೂ ತಟ್ಟಿತು’ ಅಂದ್ರು.

ಮನಿಗೆ ಕೊಟ್ಟ ಪಾಠ

ದಿನಾ ಮುಂಜಾನೆ ಮನ್ಯಾಗ ಒಬ್ರನ್ನ ಹೊಗಳಬೇಕು, ನಕ್ಕೋತ ಮಾತಾಡಬೇಕು ಅಂತ ಹೇಳಿ ಕಳಿಸಿದ್ರು. ನಮ್ಮ ಮನ್ಯಾಗ ಮುಂಜಾನೆ ಯಾರೂ ನಕ್ಕ ಪದ್ಧತಿ ಇಲ್ಲ. ಆದ್ರೂ ಧೈರ್ಯ ಮಾಡಿ ಅತ್ತಿಗೆ ಅಂದೆ, ‘ಅತ್ತಿ, ಇವತ್ತ ಚಹಾ ಭಾಳ ಛಲೋ ಆಗೈತ್ರಿ.’

ಅತ್ತಿ ಕಪ್ಪು ಕೆಳಗಿಟ್ರು. ‘ಚಹಾ ಮಾಡಿದ್ದು ನೀನ’ ಅಂದ್ರು.

ನಾ ಬಿಡಲಿಲ್ಲ. ‘ಕುಡಿಯೂದರೆ ಛಲೋ ಕುಡದೀರಿ’ ಅಂದೆ. ಅವ್ರು ಒಳಗ ಹೋಗಿ ಕಲಬುರಗಿಗೆ ಫೋನ್ ಹಚ್ಚಿ ಮಗಳಿಗೆ ಹೇಳಾಕತ್ತಿದ್ರು, ‘ನಿಮ್ಮ ವೈನಿ ನನ್ನ ಹೊಗಳಾಕತ್ತಾಳ. ಲಗೂ ಬಂದು ನನ್ನ ಬಂಗಾರದ ಬಳಿ ತಗೊಂಡ ಹೋಗು.’

ಸಂಜಿಗೆ ಗಂಡ ಕೋಠಿ ಬಜಾರದಿಂದ ಆಟೋ ಹೊಡಕೊಂಡು ಬಂದ. ಟ್ರಾಫಿಕ್ಕಿನಾಗ ತಲಿ ಕೆಟ್ಟಿತ್ತು. ನಾ ಬಾಗಲದಾಗ ನಿಂತು ನಕ್ಕೆ. ಅವ ಚಪ್ಪಲಿ ಬಿಡದ ಅಲ್ಲೇ ನಿಂತ.

‘ಏನ ಒಡದೈತಿ, ಹೇಳಿಬಿಡು’ ಅಂದ.

ಮನಸಿನ ತಳದಾಗ

ಶೆಡ್ಡಿನ ಬಾಗಲಕ್ಕ ಒಂದ ಹಲಗಿ ಹಾಕಿದ್ರು. ಬರೂವಾಗ ನಗೂ ಮಾರಿ ಇಲ್ಲಾ ಅಳೂ ಮಾರಿ ಚಿತ್ರ ನಮ್ಮ ಹೆಸರಿನ ಮುಂದ ಹಚ್ಚಬೇಕು. ಅಕ್ಕ ಇದ್ದದ್ದ ಇದ್ದಂಗ ಅಳೂ ಮಾರಿ ಹಚ್ಚಿದ್ಲು. ಊಟದ ಹೊತ್ತಿಗೆ ಖುಷಿ ಸಾಹೇಬ್ರು ಅಕಿನ್ನ ಗಾಜಿನ ಕೋಲಿ ಒಳಗ ಕರದು ಕುಂದರಿಸಿಕೊಂಡ್ರು. ಬುತ್ತಿ ಬಿಚ್ಚಾಕೂ ಬಿಡಲಿಲ್ಲ.

‘ನಿಮಗ ಏನ ಬೇಕಮ್ಮಾ?’

‘ಫ್ಯಾನ್ ಬೇಕ್ರಿ.’

‘ಅದನ್ನ ಬಿಡ್ರಿ. ಮನಸಿನ ತಳದಾಗ ಇಳದು ನೋಡ್ರಿ. ನಿಜವಾಗ್ಲೂ ಏನ ಬೇಕು?’

ಅಕ್ಕ ಕಣ್ಣ ಮುಚ್ಚಿ ಭಾಳ ಹೊತ್ತ ವಿಚಾರ ಮಾಡಿದ್ಲಂತ.

‘ದೊಡ್ಡ ಫ್ಯಾನ್’ ಅಂದ್ಲಂತ.

ಮರುದಿನದಿಂದ ಎಲ್ಲಾರೂ ನಗೂ ಮಾರಿ ಹಚ್ಚಿದ್ವಿ. ಊಟ ತಪ್ಪಿಸಿಕೊಳ್ಳಾಕ ಯಾರಿಗೂ ಮನಸಿರಲಿಲ್ಲ.

ಮಾಲಕರ ಕಣ್ಣೀರು

ಮಾಲಕರು ಬರೂ ದಿನ ಮಿಷನ್ ಬಂದ್ ಮಾಡಿಸಿ, ನೆಲಾ ತೊಳಸಿ, ಮಲ್ಲಿಗಿ ವಾಸನಿ ಹೊಡಿಸಿದ್ರು. ನಮ್ಮ ಕಣ್ಣು ಎಂದಿಲ್ಲದಂಗ ಒಣಗಿದ್ವು. ಮ್ಯಾನೇಜರ್ ನಮ್ಮನ್ನ ಸಾಲಾಗಿ ನಿಲ್ಲಿಸಿ, ‘ಸರ್, ಒಬ್ರ ಕಣ್ಣಾಗೂ ನೀರಿಲ್ಲ ನೋಡ್ರಿ. ಎಲ್ಲಾ ತರಬೇತಿ ಪ್ರಭಾವ’ ಅಂದ್ರು.

ಮಾಲಕರು ಏನರೆ ತೊಂದ್ರಿ ಐತೇನು ಅಂತ ಕೇಳಿದ್ರು. ಅಕ್ಕ ಮುಂದ ಬಂದು, ‘ಫ್ಯಾನ್ ಇಲ್ಲರಿ’ ಅಂದ್ಲು. ‘ಗಾಳಿ ಎಷ್ಟ ಛಂದ ಐತಿ, ನೀವ ನೋಡ್ರಿ ಸರ್’ ಅಂದ್ರು ಮ್ಯಾನೇಜರ್. ಅಕ್ಕ ಮೂಲ್ಯಾಗ ಮಡಚಿಟ್ಟಿದ್ದ ಖಾರದ ಖಾಲಿ ಚೀಲ ತಂದ್ಲು. ‘ದಿನಾ ನಮ್ಮ ಕೆಲಸ ಹಿಂಗ ಚಾಲೂ ಆಗತೈತ್ರಿ’ ಅಂತ ಹೇಳಿ ಮಾಲಕರ ಮುಂದ ಝಾಡಿಸಿಬಿಟ್ಲು.

ನಾವು ರೂಢಿ ಪ್ರಕಾರ ಮೂಗಿಗೆ ಸೆರಗು ಹಿಡದ್ವಿ. ಮಾಲಕರ ಹಂತ್ಯಾಕ ಸೆರಗು ಎಲ್ಲಿಂದ ಬರಬೇಕು. ಕಣ್ಣಾಗಿಂದ ನೀರು ಹರೀತು, ಮಾತು ಹೊರಡವಲ್ದು. ಕಾರಿನ ತನಕಾ ಕೈ ಹಿಡದು ಕರಕೊಂಡ ಹೋಗಬೇಕಾತು. ಕಾರಿನಾಗ ಕುಂತು ಮೊದಲ ಅಂದ ಮಾತು, ‘ಲಗೂ ಫ್ಯಾನ್ ಕೂಡಸ್ರಿ.’

ಮರುದಿನ ಅವ್ರು ಕಣ್ಣ ಒರಸಿಕೊಳ್ಳೂ ಫೋಟೋ ಹಲಗಿ ಮ್ಯಾಲ ಬಂತು. ಕೆಳಗ ಬರದಿತ್ತು: ‘ಕಾರ್ಮಿಕರ ಪ್ರೀತಿ ಕಂಡು ಭಾವುಕರಾದ ನಮ್ಮ ಮಾಲಕರು.’

ಫ್ಯಾನ್ ಬಂತು

ಫ್ಯಾನಿಗಿಂತ ಮೊದಲ ಅಕ್ಕನ ಕೆಲಸ ಹೋತು. ಇಕಿ ಇದ್ರ ಉಳದವರ ಮೂಡ್ ಕೆಡತೈತಂತ. ಕೇಳಾಕಂತ ನಾವೆಲ್ಲಾ ಗಾಜಿನ ಕೋಲಿಗೆ ಹೋದ್ರ, ‘ಮೊದಲ ನಕ್ಕೋತ ಬರ್ರಿ, ಆಮ್ಯಾಲ ಮಾತು’ ಅಂದ್ರು ಮ್ಯಾನೇಜರ್. ಅವ್ರ ಮಾರಿ ನೋಡಿ ಆ ಖಾರದ ಚೀಲ ನೆನಪಾತು ನನಗ.

ಆಮ್ಯಾಲ ಫ್ಯಾನ್ ಬಂತು. ಮಿಸ್ತ್ರಿ ಹೇಳಿದ, ‘ಧೂಳ ಛತ್ತಿನ ಮ್ಯಾಲ ಒಯ್ಯಾಕ ಪೈಪ್ ಬೇಕ್ರಿ.’ ‘ಪೈಪ್ ಯಾಕ ದಂಡ, ಮಗ್ಗಲ ಗೋಡಿಗೆ ಹಂಗ ಕೂಡಿಸು’ ಅಂದ್ರು ಮ್ಯಾನೇಜರ್. ಮಗ್ಗಲ ಗೋಡಿ ಆಚೀಕ ಅವ್ರದ ಕೋಲಿ ಕಿಟಕಿ.

ಫ್ಯಾನ್ ತಿರಗಿತು. ನಮ್ಮ ಶೆಡ್ಡಿನ ಗಾಳಿ ತಿಳಿ ಆತು. ಗಾಜಿನಾಗಿಂದ ನೋಡತೀನಿ, ಒಳಗ ಮ್ಯಾನೇಜರ್ ಕರ್ಚೀಫಿಲೆ ಕಣ್ಣ ಒರಸಾಕತ್ತಾರ. ಅವತ್ತು ತರಬೇತಿ ಪರೀಕ್ಷಾ ಮಾಡಾಕ ಬಂದಿದ್ದ ಖುಷಿ ಸಾಹೇಬ್ರು ಅವ್ರ ಬೆನ್ನ ಮ್ಯಾಲ ಕೈ ಇಟ್ಟು ಸಮಾಧಾನ ಮಾಡಾಕತ್ತಾರ. ಇಬ್ರ ಕಣ್ಣಾಗೂ ನೀರು.

ಅಕ್ಕ ಕೂಡೂ ಜಾಗಾ ಖಾಲಿ ಇತ್ತು. ನಾ ತಡಿಲಾರದ ಅಕಿಗೆ ಫೋನ್ ಹಚ್ಚಿ, ಫ್ಯಾನಿನ ಸಪ್ಪಳ ಕೇಳಿಸಿದೆ.

‘ದೊಡ್ಡದ ಐತಿ’ ಅಂದ್ಲು. ‘ಸಾಹೇಬ್ರು ಹ್ಯಾಂಗ ಅದಾರ?’

‘ಅಳಾಕತ್ತಾರ’ ಅಂದೆ.

‘ಅವ್ರಿಗೆ ಹೇಳು, ಸಮಸ್ಯೆ ಹೊರಗ ಇಲ್ಲ, ಒಳಗ ಐತಿ.’

ನಾ ನಕ್ಕೆ. ಪಾಕೀಟು ಕೆಳಗ ಬಿದ್ರೂ ನಗು ನಿಲ್ಲವಲ್ದು. ಅತ್ತಾಗ ಅಕ್ಕನೂ ನಕ್ಕಳು, ನಕ್ಕೋತ ನಕ್ಕೋತ ಕೆಮ್ಮಾಕ ಹತ್ತಿದ್ಲು. ಕೆಮ್ಮು ಲಗೂ ನಿಲ್ಲಲಿಲ್ಲ.

‘ಸಾಕು, ಫೋನ್ ಇಡವ್ವಾ’ ಅಂದ್ಲು ಕಡೀಗೆ. ‘ನಗಬ್ಯಾಡ ಅಂತ ಡಾಕ್ಟರ್ ಹೇಳ್ಯಾನ.’