ಎಸಿ ಇಲ್ಲದ ತವರುಮನೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ. ಬೇರೆಯವರು ಮೊಳೆ ಹೊಡೆದರೆ ಕ್ಯಾಲೆಂಡರ್ ತೂಗುತ್ತದೆ, ನಾನು ಹೊಡೆದರೆ ಗೋಡೆಯಾಚೆಯವರು ಬಂದು ಬಾಗಿಲು ಬಡಿಯುತ್ತಾರೆ. ಅಂಥವನು ಕುಷ್ಟಗಿಯ ಬೇಸಿಗೆಯಲ್ಲಿ ಇಡೀ ಮನೆಯನ್ನು ತಣ್ಣಗೆ ಮಾಡಲು ಹೊರಟರೆ ಏನಾಗಬೇಕೋ ಅದೇ ಆಯಿತು.

ನಾನು ಟೇಲರ್. ಬಸ್‌ಸ್ಟ್ಯಾಂಡ್ ಹತ್ತಿರ ಮನೆ, ಮುಂದಿನ ಖೋಲಿಯೇ ಅಂಗಡಿ. ಅವ್ವ, ಹೆಂಡತಿ, ನಾನು, ಮೂರೇ ಜನ. ಒಬ್ಬಳೇ ಮಗಳನ್ನು ಗಂಗಾವತಿಗೆ ಕೊಟ್ಟಿದ್ದೇವೆ. ಹೋದ ಬೇಸಿಗೆಯಲ್ಲಿ ಅವಳಿಗೆ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನನ್ನ ಹೆಂಡತಿ ಸೀಮಂತದ ಕುಬಸ ಮಾಡಿದ ದಿನದಿಂದಲೇ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತ ಕೂತಿದ್ದಳು. ಅಷ್ಟರಲ್ಲಿ ಬೀಗತಿಯ ಫೋನ್ ಬಂತು.

“ಬೀಗರ, ಸೊಸಿನ್ನ ಕಳಸಾಕ ನಮ್ದೇನೂ ತಕರಾರಿಲ್ಲರಿ. ಆದ್ರ ನಿಮ್ಮೂರ ಬಿಸಲು ಭಾಳ. ನಮ್ಮ ಮನ್ಯಾಗಾದ್ರ ಎಸಿ ಖೋಲಿ ಐತಿ. ಮುಂದಿನ ತಿಂಗಳ ನಾನ ಬಂದು ನೋಡ್ತೀನಿ. ಮನಿ ತಣ್ಣಗಿದ್ರ ಕಳಸ್ತೀನಿ, ಇಲ್ಲಾಂದ್ರ ಬಾಣಂತನ ಇಲ್ಲೇ.”

ಹೆಂಡತಿ ಸೂಜಿ ಕೆಳಗಿಟ್ಟು ಅತ್ತಳು. ಎಸಿ ಹಾಕಿಸೋಣವೆಂದರೆ ನಮ್ಮ ಮನೆಯ ವೈರಿಂಗ್ ನನ್ನಪ್ಪನ ಕಾಲದ್ದು. ನಾನು ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಒಳಗೆ ಫ್ಯಾನ್ ನಿಲ್ಲುತ್ತದೆ, ಅವಳು ಮಿಕ್ಸರ್ ತಿರುವಿದರೆ ನನ್ನ ಇಸ್ತ್ರಿ ಆರುತ್ತದೆ. ಎಲೆಕ್ಟ್ರಿಷಿಯನ್ ಬಂದು ಮೀಟರ್ ನೋಡಿ, “ಎಸಿ ಧಾರಾಳ ಹಾಕಸ್ರಿ, ಚಾಲೂ ಮಾತ್ರ ಮಾಡಬ್ಯಾಡ್ರಿ” ಅಂದ.

“ಎಸಿ ಇಲ್ಲದನ ತಣ್ಣಗ ಮಾಡ್ತೀನಿ, ಅಳಬ್ಯಾಡ” ಎಂದು ಹೆಂಡತಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಎಂಥ ಹುರುಪು ಬಂತೆಂದರೆ, ಅವತ್ತು ಹೊಲಿದ ಅಂಗಿಗೆ ಗುಂಡಿಯನ್ನೂ ಕಾಜಾವನ್ನೂ ಒಂದೇ ಕಡೆ ಹಾಕಿದೆ.

ಬಾಗಿಲಿನ ಬೆಳೆ

ಮೊದಲ ಉಪಾಯ ಗೋಣಿತಟ್ಟಿನ ಪರದೆ. ನೀರು ಚಿಮುಕಿಸಿದ ತಟ್ಟನ್ನು ಬಾಗಿಲಿಗೆ ಕಟ್ಟಿದರೆ ಒಳಗೆ ಬರುವ ಗಾಳಿ ತಂಪಾಗುತ್ತದೆ. ಶ್ರೀರಾಮನಗರದ ತೆಲುಗು ರೈತರೊಬ್ಬರು ನನ್ನ ಹಳೆಯ ಗಿರಾಕಿ, ಭತ್ತ ತುಂಬಿಟ್ಟಿದ್ದ ಹತ್ತು ಖಾಲಿ ಚೀಲ ಕಳಿಸಿಕೊಟ್ಟರು. ಅವುಗಳಲ್ಲಿ ನಾಲ್ಕನ್ನು ಬಿಚ್ಚಿ, ಜೋಡಿಸಿ, ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟು ಬಾಗಿಲಿಗೊಂದು ಪರದೆ ಹೊಲಿದೆ. ಎಷ್ಟಾದರೂ ಟೇಲರ್ ಮನೆಯ ಗೋಣಿ. ದಿನಕ್ಕೆ ನಾಲ್ಕು ಸಲ ನೀರು ಹೊಡೆದೆ. “ಗಾಳಿ ಛಲೋ ಬರಾಕತ್ತೈತಿ” ಎಂದು ಅವ್ವ ಬಾಗಿಲಿಗೇ ಬಂದು ಕೂತಳು.

ಐದನೇ ದಿನ ಬೆಳಿಗ್ಗೆ ನೋಡಿದರೆ ಪರದೆ ಹಸಿರಾಗಿದೆ. ಪಾಚಿ ಅಂದುಕೊಂಡು ಹತ್ತಿರ ಹೋದೆ. ಪಾಚಿಯಲ್ಲ, ಭತ್ತ. ನೇಯ್ಗೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಾಳೆಲ್ಲ ಮೊಳೆತು ಎದ್ದು ನಿಂತಿವೆ. ಅವತ್ತೇ ಆ ರೈತರು ತಮ್ಮ ಅಂಗಿ ಒಯ್ಯಲು ಬಂದರು. ಬಾಗಿಲಲ್ಲಿ ನಿಂತು, ಒಂದು ಮೊಳಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಹಳ ಗಂಭೀರವಾಗಿ ಅಂದರು, “ಟೇಲರ್ ಗಾರೂ, ಸಸಿ ಛಲೋ ಬಂದೈತಿ. ಇನ್ನ ತಡ ಮಾಡಬ್ಯಾಡ್ರಿ, ನಾಟಿ ಮಾಡಿಬಿಡ್ರಿ.”

ನಾಟಿ ಮಾಡುವ ಪ್ರಸಂಗ ಬರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಆಡು ಬಂದು ಬೆಳೆಯ ಜೊತೆಗೆ ಹೊಲವನ್ನೂ ತಿಂದು, ಕೆಂಪು ಪೈಪಿಂಗ್ ಮಾತ್ರ ಬಿಟ್ಟು ಹೋಗಿತ್ತು.

ಯಾರ ನೆನಪಿಗೆ?

ಉಳಿದ ಚೀಲಗಳನ್ನು ಚೆನ್ನಾಗಿ ಕೊಡವಿ ಹೊಸ ಪರದೆ ಹೊಲಿದೆ. ಜೊತೆಗೆ ಇನ್ನೊಂದು ಉಪಾಯ. ರಸ್ತೆ ಕಡೆಯ ಕಿಟಕಿಯ ಕಟ್ಟೆಯ ಮೇಲೆ ನೀರು ತುಂಬಿದ ಐದು ಮಣ್ಣಿನ ಗಡಿಗೆ ಸಾಲಾಗಿ ಇಟ್ಟೆ. ಬರುವ ಗಾಳಿ ಆ ಹಸಿ ಗಡಿಗೆಗಳನ್ನು ಸವರಿಕೊಂಡು ಒಳಗೆ ಬರಲಿ ಎಂದು.

ಗಾಳಿ ಬಂತೋ ಇಲ್ಲವೋ, ಜನ ಬಂದರು. ಬಸ್ಸಿಗೆ ಕಾಯುವವರೆಲ್ಲ ಅದನ್ನು ಅರವಟ್ಟಿಗೆ ಅಂದುಕೊಂಡು ಪಾಳಿ ಹಚ್ಚಿದರು. ನೀರು ಕೇಳಿದವರಿಗೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಮಷೀನ್ ಬಿಟ್ಟು ಗಡಿಗೆ ತುಂಬುವುದೇ ನನ್ನ ಕೆಲಸವಾಯಿತು. ಒಬ್ಬರಂತೂ “ಗ್ಲಾಸಿಗೆ ಸರಪಳಿ ಕಟ್ಟ್ರಿ, ಯಾರರ ಒಯ್ತಾರ” ಎಂದು ಸಲಹೆಯನ್ನೂ ಕೊಟ್ಟರು.

ಆ ಕಿಟಕಿಯ ಪಕ್ಕದಲ್ಲೇ ನನ್ನದೊಂದು ದೊಡ್ಡ ಫೋಟೋ ಇದೆ. ಟೇಲರ್‌ಗಳೆಲ್ಲ ಕೂಡಿ ನನಗೆ ಸನ್ಮಾನ ಮಾಡಿದಾಗ ತೆಗೆದದ್ದು. ಅವರು ಹಾಕಿದ ಗಂಧದ ಹಾರವನ್ನು ಹೆಂಡತಿ ಪ್ರೀತಿಯಿಂದ ಅದೇ ಫೋಟೋಕ್ಕೆ ತೂಗುಹಾಕಿದ್ದಳು. ಬೇವೂರಿನ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಎರಡು ಗ್ಲಾಸು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಫೋಟೋ ನೋಡಿದಳು.

“ಇವರ ನೆನಪಿಗೆ ಇಟ್ಟೀಯೇನಪಾ ಅರವಟ್ಟಿಗಿ?”

“ಯಮ್ಮಾ, ಅದು ನಾನ.”

ಅವಳು ನನ್ನನ್ನೂ ನೋಡಿದಳು, ಫೋಟೋವನ್ನೂ ನೋಡಿದಳು. “ಹಂಗ ಅನಬಾರದಪಾ. ನಿಮ್ಮಣ್ಣ ಇರಬೇಕು, ಮಾರಿ ಹಂಗ ಐತಿ. ಹೋಗಿ ಎಷ್ಟ ದಿನಾ ಆತು?”

ಅಷ್ಟರಲ್ಲಿ ಬಸ್ಸು ಬಂತು. ಮುದುಕಿ ಫೋಟೋಕ್ಕೆ ಕೈಮುಗಿದು, “ಪುಣ್ಯಾತ್ಮ, ಎಲ್ಲಿದ್ರೂ ತಣ್ಣಗಿರಪಾ” ಎಂದು ಹರಸಿ ಹೋದಳು. ಇಡೀ ಕುಷ್ಟಗಿಯಲ್ಲಿ ಆ ಬೇಸಿಗೆ ತಣ್ಣಗಿದ್ದ ಮೊದಲ ಗಂಡಸು ನಾನೇ, ಅದೂ ತೀರಿಕೊಂಡ ಮೇಲೆ.

ಬಿಳಿ ಮೇಲೆ ಬಿಳಿ

ಬೀಗತಿ ಬರಲು ನಾಲ್ಕು ದಿನ ಉಳಿದಿತ್ತು. ಮಾಳಿಗೆ ಇನ್ನೂ ಹಂಚಿನಂತೆ ಕಾಯುತ್ತಿತ್ತು. ಸುಣ್ಣ ಬಳಿಯುವವನನ್ನು ಕರೆಸಿ ಮೇಲೆ ಎರಡು ಕೈ ದಪ್ಪಗೆ ಸುಣ್ಣ ಹೊಡೆಸಿದೆ. ಓಣಿಯವರೆಲ್ಲ “ಯಾರ ಮದಿವಿರಿ? ನಮಗ ಹೇಳಲೇ ಇಲ್ಲಲ್ಲ” ಎಂದು ಕೇಳಿದರು. ನಮ್ಮಲ್ಲಿ ಮನೆಗೆ ಸುಣ್ಣ ಬಿತ್ತೆಂದರೆ ಕಾರ್ಯ ಇದೆ ಅಂತಲೇ ಅರ್ಥ.

ಮರುದಿನ ಮಧ್ಯಾಹ್ನ ಸುಣ್ಣ ಹಿಡಿದಿದೆಯೋ ಇಲ್ಲವೋ ನೋಡಲು ಮೇಲೆ ಹತ್ತಿದೆ. ಆ ಬೆಳ್ಳಗಿನ ಝಳಕ್ಕೆ ಕಣ್ಣೇ ಬಿಡಲಾಗಲಿಲ್ಲ. ಒಂದು ಹೆಜ್ಜೆ ಇಟ್ಟೆ, ಕಾಲ ಕೆಳಗೆ ಕಟುಂ ಅಂತು. ಇನ್ನೊಂದು ಇಟ್ಟೆ, ಮತ್ತೆ ಕಟುಂ. ಸುಣ್ಣ ಹಕ್ಕಳೆ ಎದ್ದಿದೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲೆಲ್ಲಿ ಎದ್ದಿದೆ ಎಂದು ಪರೀಕ್ಷಿಸಲು ಮೂಲೆಮೂಲೆಗೂ ತುಳಿದುಕೊಂಡು ಹೋದೆ. ಕಡೆಗೆ ಅಂಚಿಗೆ ನಿಂತು, “ಏನ್ ಸುಣ್ಣ ಹೊಡದಾನ ಅಂವಾ, ಎಲ್ಲಾ ಪುಡಿಪುಡಿ ಆಗೇತಿ” ಎಂದು ಕೂಗಿದೆ.

ಪಕ್ಕದ ಮನೆಯ ಹೆಣ್ಣುಮಗಳು ಅಂಗಳದಿಂದ ಕತ್ತೆತ್ತಿ ಅಳುದನಿಯಲ್ಲಿ ಅಂದಳು, “ಅಣ್ಣಾರ, ಅದು ಸುಣ್ಣ ಅಲ್ಲರಿ. ನಿಮ್ಮ ಮಾಳಿಗಿ ಹಾಲಿನಂಗ ಸ್ವಚ್ಛ ಐತಂತ ನಿಮ್ಮ ಮನಿಯಾಕಿನ್ನ ಕೇಳಿ ಹಾಕಿದ್ನಿ. ನಮ್ಮ ವರ್ಷದ ಸಂಡಿಗಿ.”

ಬೀಗತಿಯ ತೀರ್ಪು

ಹೇಳಿದ ದಿನ, ಮಧ್ಯಾಹ್ನ ಒಂದು ಗಂಟೆಗೆ, ಬೇಕೆಂದೇ ಉರಿಬಿಸಿಲಿನಲ್ಲಿ ಬೀಗತಿ ಬಂದಿಳಿದರು. ನಾನು ಬೆಳಗಿನಿಂದ ಪರದೆಗೆ ನೀರು ಹೊಡೆದೂ ಹೊಡೆದೂ ಕೈ ಸೋತಿದ್ದೆ. ಅವರು ಪರದೆ ಸರಿಸಿ ಒಳಗೆ ಕಾಲಿಟ್ಟರು. “ಅಬಬಾ” ಅಂದರು, ಅಷ್ಟೇ. ರೊಟ್ಟಿ ಉಂಡು, ಮಜ್ಜಿಗೆ ಕುಡಿದು, “ಐದು ಮಿನಿಟ್ ಅಡ್ಡಾಗ್ತೀನಿ” ಎಂದು ಬರಿ ನೆಲದ ಮೇಲೆ ಮಲಗಿದವರು ನಾಲ್ಕು ಗಂಟೆಯವರೆಗೆ ಗೊರಕೆ ಹೊಡೆದರು. ಬಾಗಿಲ ಹಿಂದೆ ಹೆಂಡತಿ ನನ್ನ ಕೈ ಹಿಡಿದು “ಗೆದ್ವಿ” ಅಂದಳು. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೀಗತಿ ಎದ್ದರು. ಸೆರಗನ್ನು ಮೈತುಂಬ ಹೊದ್ದುಕೊಂಡು ಕೂತರು.

“ಬೀಗರ, ಸುಳ್ಳ್ಯಾಕ ಹೇಳ್ಲಿ, ಮನಿ ಭಾಳ ತಣ್ಣಗೈತಿ. ಅದಕ್ಕ ನನಗ ಚಿಂತಿ ಹತ್ತೇತಿ. ಇಷ್ಟು ಥಂಡ್ಯಾಗ ಹಸಿ ಬಾಣಂತಿನ್ನ ಇಡೂದು ಹೆಂಗ?”

ನನಗೆ ತಲೆ ಗಿರ್ರೆಂದಿತು. “ಅಕ್ಕಾರ, ನಿಮ್ಮ ಮನ್ಯಾಗ ಎಸಿ ಐತೆಲ್ಲರಿ. ಅದೂ ಥಂಡಿನ ಅಲ್ಲೇನು?”

“ಎಸಿಗೆ ರಿಮೋಟ್ ಇರ್ತೈತಿ, ಹೆಚ್ಚಾದ್ರ ಕಮ್ಮಿ ಮಾಡಬಹುದು. ನಿಮ್ಮ ಮನಿಗೆ ರಿಮೋಟ್ ಎಲ್ಲೈತ್ರಿ?”

ಹೆಂಡತಿಯ ಕಣ್ಣು ತುಂಬಿತು. ಆಗ ಮೂಲೆಯಲ್ಲಿದ್ದ ಅವ್ವ, “ರಿಮೋಟ್ ನನ್ನ ಹಂತ್ಯಾಕ ಐತಿ, ತಡೀ” ಎಂದು ಎದ್ದಳು. ಒಳಗೆ ಹೋಗಿ ಕಬ್ಬಿಣದ ಹಳೆಯ ಅಗ್ಗಿಷ್ಟಿಕೆಯನ್ನು ಎಳೆದುತಂದು ಬೀಗತಿಯ ಮುಂದಿಟ್ಟಳು. “ಹೊರಸಿನ ಬುಡಕ ಕೆಂಡ ಹಾಕಿ ಇಡ್ತೀನಿ. ಏಳು ಹಡದೀನಿ, ನನಗ ಗೊತ್ತಿಲ್ಲೇನು?”

ಬೀಗತಿಯ ಮುಖ ಅರಳಿತು. “ಹಂಗಾದ್ರ ಶುಕ್ರವಾರ ಕಳಸ್ತೀನಿ” ಅಂದರು.

ಮಗಳು ಬಂದಳು. ಕೊಪ್ಪಳದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಛಲೋ ಇದ್ದರು. ಮನೆ ಹಬ್ಬದ ಮನೆಯಾಯಿತು. ಆಮೇಲೆ ಶುರುವಾಯಿತು ನೋಡಿ. ಹೊರಗೆ ನಾನು ಪರದೆಗೆ ನೀರು ಸುರಿಯುವುದು, ಒಳಗೆ ಅವ್ವ ಕೆಂಡ ಊದುವುದು. ಆಶಾ ಕಾರ್ಯಕರ್ತೆ ಬಂದು “ಬೆಂಕಿ ಗಿಂಕಿ ಇಡಬ್ಯಾಡ್ರಿ” ಎಂದು ಬೈದರೆ ಅವ್ವ ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಒಯ್ಯುವಳು, ಆಕೆ ಓಣಿ ದಾಟಿದ ಮೇಲೆ ವಾಪಸು ತರುವಳು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ತಾಯಿಯ ಕೌದಿ ಹೊದ್ದು ಬೆವರುತ್ತಿದ್ದಳು.

ಮೊಮ್ಮಗಳನ್ನು ನೋಡಲು ಬೀಗತಿ ಎರಡು ದಿನಕ್ಕೆಂದು ಬಂದರು. ಪಡಸಾಲೆಯ ನಡುವೆ ಚಾಪೆ ಹಾಸಿಕೊಂಡರು. ಎರಡು ದಿನ ಹತ್ತಾಯಿತು. “ಎಸಿಗೆ ನನ್ನ ಮೊಣಕಾಲು ಹಿಡೀತಾವರಿ ಬೀಗರ. ಈ ತಂಪು ಬ್ಯಾರೆನ ಐತಿ” ಎಂದು ಮಗ್ಗುಲಾದರು.

ಅವತ್ತು ಮಧ್ಯಾಹ್ನ ಮಗಳು ಒಳಗಿನಿಂದ ಸನ್ನೆ ಮಾಡಿ ಕರೆದಳು. ಖೋಲಿಯ ಬಾಗಿಲಿಗೆ ಹೋದರೆ ಮುಖಕ್ಕೆ ಝಳ ಬಡಿಯಿತು. ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಅತ್ತೆಯನ್ನು ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು, “ಅಪ್ಪಾ, ಅತ್ತಿಯವ್ರು ಇನ್ನ ಎಷ್ಟ ದಿನಾ ಇರ್ತಾರ?”

“ಯಾಕವಾ? ನಿನಗ ತ್ರಾಸ ಆಗಾಕತ್ತೇತೇನು?”

“ಇಲ್ಲಪ್ಪಾ, ಅವರು ಇಲ್ಲೇ ಇರ್ಲಿ. ಗಂಗಾವತ್ಯಾಗ ಎಸಿ ಖೋಲಿ ಖಾಲಿ ಐತಿ. ನನ್ನ ಅಲ್ಲಿ ಬಿಟ್ಟು ಬಾ.”