ತಾಂಬೂಲದ ತಟ್ಟೆ ಹಿಡಿದು ಕಂಪ್ಯೂಟರ್ ಎಣಿಸಿದ್ದು

ನನ್ನ ಸಮೀಕ್ಷೆ ತಪ್ಪಾಗಿತ್ತು ಎನ್ನುವವರು ಇವತ್ತಿಗೂ ಇದ್ದಾರೆ. ಅವರಲ್ಲಿ ಮೊದಲನೆಯವಳು ನನ್ನ ಹೆಂಡತಿ ಸರಸು. ನಾನು ಒಪ್ಪುವುದಿಲ್ಲ. ಸಮೀಕ್ಷೆ ಸರಿಯಾಗಿಯೇ ಇತ್ತು. ಕೋಯಮತ್ತೂರು ಸೀಮೆಯ ಕೈಗಾರಿಕೆಗಳೇ ಅದಕ್ಕೆ ತಕ್ಕಂತೆ ನಡೆದುಕೊಳ್ಳಲಿಲ್ಲ.

ಎಂಬತ್ತರ ದಶಕದ ಮಾತು. ಈಗ ಸರ್ವರ್ ಎನ್ನುತ್ತಾರಲ್ಲ, ಆಗ ಅಂಥದ್ದನ್ನು ದೊಡ್ಡ ಕಂಪ್ಯೂಟರ್ ಎನ್ನುತ್ತಿದ್ದೆವು. ಎ.ಸಿ. ಕೋಣೆಯಲ್ಲಿ ಅದನ್ನು ದೇವರಂತೆ ಕೂರಿಸಿ, ಅಲ್ಲಿಂದ ಗುಮಾಸ್ತರ ಮೇಜುಗಳಿಗೆ ವೈರು ಎಳೆಯುತ್ತಿದ್ದರು. ನೂಲಿನ ಮಿಲ್ಲು, ಫೌಂಡ್ರಿ, ಬನಿಯನ್ ಕಂಪನಿ, ಆಸ್ಪತ್ರೆ, ಇವರೆಲ್ಲ ಇದಕ್ಕೆ ಎಷ್ಟು ಖರ್ಚು ಮಾಡಿದ್ದಾರೆ, ಇನ್ನೆಷ್ಟು ಮಾಡಲಿದ್ದಾರೆ ಎಂದು ತಿಳಿದು ವರದಿ ಕೊಡಲು ಮದರಾಸಿನ ಒಂದು ಕಂಪನಿ ನನ್ನನ್ನು ತಾತ್ಕಾಲಿಕವಾಗಿ ನೇಮಿಸಿತು. ವರದಿ ಮೆಚ್ಚುಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಕರುಮತ್ತಂಪಟ್ಟಿಯಲ್ಲಿ ಮಾವನವರ ಪವರ್‌ಲೂಮ್ ಶೆಡ್ಡು.

"ಬಂದು ತರಿ ನೋಡ್ಕೊಳಿ, ಮಾಪಿಳ್ಳೆ," ಎಂದು ಮಾವನವರು ಮದುವೆಯಾದಂದಿನಿಂದ ಕರೆಯುತ್ತಿದ್ದರು. ನಮ್ಮ ಕಡೆ ಮಾಪಿಳ್ಳೆ ಎಂದರೆ ಅಳಿಯ, ತರಿ ಎಂದರೆ ಮಗ್ಗ. "ಆ ಸದ್ದಲ್ಲಿ ಯಾರು ಏನು ಬೈದ್ರೂ ಕೇಳಲ್ಲ. ನಿಮ್ಗೆ ಒಳ್ಳೇದೇ."

ನಾನು ಮಗ್ಗಕ್ಕೆ ಹುಟ್ಟಿದವನಲ್ಲ ಎಂದು ತೋರಿಸಿಕೊಡಲು ಟೈ ಕಟ್ಟಿದೆ, ಚರ್ಮದ ಬ್ಯಾಗು ಹಿಡಿದೆ, ಪೆರಿಯನಾಯಕನಪಾಳ್ಯದ ಒಂದು ಮಿಲ್ಲಿಗೆ ಹೋದೆ. ಮ್ಯಾನೇಜರು ನನ್ನ ಮುಖ ನೋಡಲಿಲ್ಲ, ಬ್ಯಾಗನ್ನೇ ನೋಡಿದರು. ಕಂಪ್ಯೂಟರಾ? ಕ್ಯಾಲ್ಕುಲೇಟರನ್ನೇ ಪಕ್ಕದ ಮಿಲ್ಲಿನಿಂದ ಕಡ ತರುತ್ತೇವೆ ಎಂದರು. ಅವರ ಹಿಂದಿನ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂದು ನನ್ನ ಕಾಲಿಗೆ ತಾಗುತ್ತಿತ್ತು. ಒಳಗೇನಿದೆ ಎಂದು ಕೇಳಿದೆ. ಮೊದಲಾಳಿಯ, ಅಂದರೆ ಮಾಲೀಕರ ತಂದೆ ಮಲಗಿದ್ದಾರೆ, ಅವರಿಗೆ ಸೆಕೆ ಆಗುವುದಿಲ್ಲ ಎಂದರು. ಅಷ್ಟರಲ್ಲಿ ಒಳಗಿನಿಂದ ಪ್ರಿಂಟರು ಹೊಡೆದುಕೊಳ್ಳುವಂಥ ಚರಚರ ಸದ್ದು ಬಂತು.

"ಅವರಿಗೆ ಕೆಮ್ಮು," ಎಂದರು ಮ್ಯಾನೇಜರು.

ಫೌಂಡ್ರಿಯವರು ಎಳನೀರು ಕುಡಿಸಿ ಬಸ್ ಸ್ಟಾಪಿನವರೆಗೆ ಬಂದು ಬೀಳ್ಕೊಟ್ಟರು. ಆಸ್ಪತ್ರೆಯವರು ನನ್ನ ರಕ್ತದೊತ್ತಡ ನೋಡಿ ಕಳಿಸಿದರು. ಎಲ್ಲರದೂ ಒಂದೇ ಉತ್ತರ: ಇಲ್ಲ.

"ಏನುಂಗ, ಬ್ಯಾಗ್ ಹಿಡ್ಕೊಂಡು ಹೋಗಿ ಎಷ್ಟು ಖರ್ಚು ಮಾಡಿದ್ರಿ ಅಂದ್ರೆ ಯಾರು ಹೇಳ್ತಾರೆ? ಟ್ಯಾಕ್ಸ್ ಆಫೀಸರ್ ಅನ್ಕೋತಾರೆ," ಎಂದಳು ಸರಸು. "ವೇಷ್ಟಿ ಉಟ್ಕೊಂಡು, ಅಪ್ಪನ್ನ ಕೂಟ್ಕೊಂಡು ಹೋಗಿ. ಮನುಷ್ಯರ ಥರ ಹೋಗಿ."

ಮಾವನವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೇಕೆಂದು ನಾನು ಯೋಚಿಸಬೇಕಿತ್ತು. ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗಬಾರದೆಂದು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಮಲ್ಲಿಗೆ ಹೂವು ಜೋಡಿಸಿಕೊಂಡರು. ಇಬ್ಬರೂ ಬಿಳಿ ವೇಷ್ಟಿಯಲ್ಲಿ ತಿರುಪ್ಪೂರಿನ ನಂಜಪ್ಪ ಚೆಟ್ಟಿಯಾರ್ ಮನೆಗೆ ಹೋದೆವು. ಅವರು ನಮ್ಮವರೇ, ಮನೆಯಲ್ಲಿ ಕನ್ನಡ. ಮುಂದೆ ಮನೆ, ಹಿಂದೆ ಬನಿಯನ್ ಕಂಪನಿ.

ತಟ್ಟೆ ಕಂಡದ್ದೇ ತಡ, ಅವರ ಹೆಂಡತಿ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದರು. ಕೇಸರಿಬಾತು ಬಂತು, ಬಜ್ಜಿ ಬಂತು. ಕಾಫಿಯನ್ನು ಅವರ ಒಬ್ಬನೇ ಮಗ ತಂದ, ತಲೆ ಬಾಚಿಕೊಂಡು. ಕಂಪ್ಯೂಟರ್ ಉದ್ಯಮಕ್ಕೆ ಈ ಊರಿನಲ್ಲಿ ಎಂಥ ಗೌರವ ಎಂದು ನನ್ನ ಎದೆ ಉಬ್ಬಿತು.

"ಕಂಪ್ಯೂಟರ್ ಎಷ್ಟಿವೆ?" ಎಂದೆ.

"ಸದ್ಯಕ್ಕೆ ಎರಡು," ಎಂದರು ಚೆಟ್ಟಿಯಾರ್. "ವರುಷ ಕಳೆದ್ರೆ ಇನ್ನೂ ಎರಡು. ಆ ರೂಮಲ್ಲಿವೆ. ತೆರೆದ್ರೆ ಒಳಗೆ ಧೂಳು ಹೋಗುತ್ತೆ."

"ಖರ್ಚು?"

"ಖರ್ಚಿಗೇನುಂಗ? ಇರೋದೆಲ್ಲ ಮಗನಿಗೆ ತಾನೆ."

ಇದನ್ನು ನಾನು 'ಉದ್ದೇಶಿತ ವೆಚ್ಚ' ಎಂಬಲ್ಲಿ ಬರೆದುಕೊಂಡೆ. ಮಾವನವರು ಹುಡುಗನ ನಕ್ಷತ್ರ ಕೇಳಿದರು. ಸಮೀಕ್ಷೆಗೆ ಸಂಬಂಧವಿಲ್ಲದ ಪ್ರಶ್ನೆ ಎಂದು ಸುಮ್ಮನಾದೆ. ಹೀಗೆ ಹೋದ ಕಡೆಯೆಲ್ಲ ಬಜ್ಜಿ, ಹೋದ ಕಡೆಯೆಲ್ಲ ಕಂಪ್ಯೂಟರು. ನನ್ನ ವರದಿಯಲ್ಲಿ ಬನಿಯನ್ ಕಂಪನಿಗಳು ಮಿಲ್ಲುಗಳನ್ನು ಎಲ್ಲೋ ಹಿಂದೆ ಹಾಕಿಬಿಟ್ಟವು!

ಮದರಾಸಿನ ಮೇಲಧಿಕಾರಿ ವರದಿ ಓದಿದವರೇ ರೈಲು ಹತ್ತಿ ಬಂದರು. ಅಭಿನಂದಿಸಲು ಬಂದಿದ್ದಾರೆಂದು ನಾನು ಮಾವನವರನ್ನೂ ಕರೆದುಕೊಂಡು ನೇರವಾಗಿ ಚೆಟ್ಟಿಯಾರ್ ಮನೆಗೇ ಹೋದೆ. ಚೆಟ್ಟಿಯಾರ್ ಬೇಡವೆಂದರೂ ಕೇಳದೆ ಅಧಿಕಾರಿ ಆ ಕೋಣೆಯ ಬಾಗಿಲು ತೆರೆದರು. ಒಳಗೆ ನೂಲಿನ ಕೋನುಗಳ ರಾಶಿ, ಒಂದು ಟೇಬಲ್ ಫ್ಯಾನು, ಟವೆಲು ಹೊದ್ದ ಒಂದು ಟೈಪ್‌ರೈಟರು.

"ಹೆಣ್ಣು ಕೊಡೋರು ಬಂದು ಕೇಳಿದ್ರೆ ಇಲ್ಲ ಅನ್ನಕ್ಕಾಗುತ್ತಾ?" ಎಂದರು ಚೆಟ್ಟಿಯಾರ್.

ನಾನು ಮಾವನವರ ಕಡೆ ತಿರುಗಿದೆ. ಅವರ ಎರಡನೆಯ ಮಗಳು ಕಮಲಾಗೆ ಗಂಡು ನೋಡುತ್ತಿದ್ದದ್ದು ಆಗ ನೆನಪಾಯಿತು. ಅವರು ಒಂದಿಷ್ಟೂ ನಾಚಲಿಲ್ಲ.

"ಬರೀ ಕಂಪ್ಯೂಟರ್ ಕೇಳೋಕೆ ಯಾರು ಮಾಪಿಳ್ಳೆ ಬಾಳೆಹಣ್ಣು ತಗೊಂಡು ಹೋಗ್ತಾರೆ?"

ಇನ್ನೊಬ್ಬನಾಗಿದ್ದರೆ ತಲೆ ತಗ್ಗಿಸುತ್ತಿದ್ದ. ನಾನು ತಗ್ಗಿಸಲಿಲ್ಲ. "ಸಾರ್, ನನ್ನ ಅಂಕಿ ತಪ್ಪಲ್ಲ. ಸ್ವಲ್ಪ ಮುಂಚಿನದು, ಅಷ್ಟೆ," ಎಂದೆ. ಯಂತ್ರ ಓಡುವುದನ್ನು ಕಣ್ಣಾರೆ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಇದೇ ಕೊನೆ ಎಂದು ತಿಳಿಯಿರಿ ಎಂದು ಹೇಳಿ ಅಧಿಕಾರಿ ಹೊರಟರು.

ಚೆಟ್ಟಿಯಾರ್ ಮಗನೊಂದಿಗೆ ಕಮಲಾಳ ಮದುವೆಯ ಮಾತುಕತೆಯಲ್ಲಿ ಎಲ್ಲರೂ ಒಪ್ಪಿ ಕೈಗೆ ಎಲೆ ಅಡಿಕೆ ತೆಗೆದುಕೊಂಡಾಗ ನಾನೊಬ್ಬ ಎದ್ದು ನಿಂತೆ. ಹುಡುಗನನ್ನು ತೋರಿಸಿದಾಗ ಕಂಪ್ಯೂಟರ್ ಇದೆ ಎಂದೂ ಹೇಳಿದ್ದಾರೆ, ಅದು ಬರದೆ ಮುಹೂರ್ತವಿಲ್ಲ ಎಂದೆ. ಸರಸು ನನ್ನ ವೇಷ್ಟಿ ಹಿಡಿದು ಎಳೆದಳು. ಕೂರಲಿಲ್ಲ. ನೆಂಟರೆಲ್ಲರ ಎದುರು ಮರ್ಯಾದೆಯ ಪ್ರಶ್ನೆಯಾಯಿತು. ಚೆಟ್ಟಿಯಾರ್ ನಿಜವಾಗಿಯೂ ಒಂದನ್ನು ತರಿಸಿದರು!

ಯಂತ್ರ ಕೂರಿಸಿದ ಮೇಲೆ ಅಧಿಕಾರಿಯನ್ನು ಕರೆಸಿದೆ. ಕೋಣೆಗೆ ಹೊಸ ಎ.ಸಿ., ಯಂತ್ರಕ್ಕೆ ಕುಂಕುಮ, ಮಾಲೆ. ಎರಡೂ ಮನೆಯವರು ಸುತ್ತ ನಿಂತಿದ್ದರು. ಸರಸುವಿನ ಮುಖದಲ್ಲಿ ಮೊದಲ ಬಾರಿ ಗಂಡನ ಬಗ್ಗೆ ಹೆಮ್ಮೆಯಂಥದ್ದು ಕಂಡಿತು. ಅದನ್ನು ನೋಡಿ ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ.

"ಓಡಿಸಿ ತೋರಿಸಿ," ಎಂದರು ಅಧಿಕಾರಿ.

ನಾನು ಗಂಭೀರವಾಗಿ ಯಂತ್ರಕ್ಕೆ ಒಂದು ಪ್ರದಕ್ಷಿಣೆ ಬಂದೆ. ಇನ್ನೊಂದು ಬಂದೆ. ಚೆಟ್ಟಿಯಾರ್ ಭಕ್ತಿಯಿಂದ ಹಿಂದೆಯೇ ಬಂದರು. ಕೊನೆಗೆ ಗೋಡೆಯ ಮೇಲೊಂದು ಗುಂಡಿ ಕಂಡಿತು, ಧೈರ್ಯ ಮಾಡಿ ಒತ್ತಿದೆ. ಎ.ಸಿ. ನಿಂತುಹೋಯಿತು.

ಅಧಿಕಾರಿ ನನ್ನ ಕೈ ಕುಲುಕಿ, ಕರುಮತ್ತಂಪಟ್ಟಿಗೆ ಬಸ್ಸು ಎಲ್ಲಿ ಸಿಗುತ್ತದೆ ಎಂದು ನಿಮಗೆ ಗೊತ್ತಿದೆ ತಾನೆ ಎಂದು ಕೇಳಿ ಹೊರಟುಹೋದರು. ಕಂಪ್ಯೂಟರಿಗೆ ಯಾರು ಎಷ್ಟು ಸುರಿದರು ಎಂದು ಇಡೀ ಜಿಲ್ಲೆಯನ್ನು ವಿಚಾರಿಸಿ ಬಂದ ನಾನು, ಅದರ ಸ್ವಿಚ್ಚು ಎಲ್ಲಿರುತ್ತದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಯಾಕೆ ಕೇಳಬೇಕಿತ್ತು? ಮದರಾಸಿನವರು ಕೊಟ್ಟ ಪ್ರಶ್ನೆಗಳಲ್ಲಿ ಅದು ಇರಲೇ ಇಲ್ಲ.