ಹುಲ್ಲಿನ ನಾಲಿಗೆ ಮತ್ತು ನಮ್ಮ ದೊಡ್ಡಮ್ಮ

"ಇವ್ಳು ಬಿ.ಎಸ್ಸಿ. ಪಾಸಾಗೋ ದಿನ ನಮ್ ಕೆಂಪು ಹಸು ಬಸ್ ಹತ್ಕೊಂಡು ಬಸವನಗುಡಿಗೆ ಹೋಯ್ತದೆ!"

ಹೀಗೆ ನಮ್ಮೂರು ಗೊಟ್ಟಿಗೆರೆಗೆಲ್ಲ ಸಾರಿದವರು ಬೇರೆ ಯಾರೂ ಅಲ್ಲ, ನನ್ನ ದೊಡ್ಡಮ್ಮ. ಅರವತ್ತರ ದಶಕದ ಮಾತು. ನಮ್ಮ ವಂಶದಲ್ಲಿ ಏಳನೇ ಕ್ಲಾಸು ದಾಟಿದವರಿರಲಿಲ್ಲ. ನಾನು ಬಿ.ಎಸ್ಸಿ.ಯನ್ನೇ ಮುಗಿಸಿ ತೀರುತ್ತೇನೆಂದು ಹಟ ಹಿಡಿದಿದ್ದೆ.

ದೊಡ್ಡಮ್ಮನಿಗೆ ಲೋಕದಲ್ಲಿದ್ದದ್ದು ಒಂದೇ ಶತ್ರು: ಭತ್ತದ ವೇಷದಲ್ಲಿ ಗದ್ದೆಗೆ ನುಗ್ಗುವ ಕಳೆಹುಲ್ಲು. ವಸಂತಪುರದ ಮದುವೆಗೆ ಹೊರಟವರು ದಾರಿಯಲ್ಲಿ ಯಾರದೋ ಗದ್ದೆಗೆ ರೇಷ್ಮೆ ಸೀರೆಯಲ್ಲೇ ಇಳಿದುಬಿಟ್ಟರು! ನಾವು ತಲುಪುವಾಗ ಕೊನೆಯ ಪಂಕ್ತಿಯೂ ಎದ್ದಿತ್ತು. ನನ್ನನ್ನು ನೋಡಲು ಬಂದ ಗಂಡಿನ ಮುಂದೆ ಕಾಫಿಯ ಜೊತೆ ಎರಡು ಪೈರು ಇಟ್ಟು, "ಇದ್ರಲ್ಲಿ ಭತ್ತ ಯಾವ್ದಪ್ಪಾ?" ಎಂದರು. ಪಾಪ, ಆತ ಕಳೆಯನ್ನು ಮುಟ್ಟಿದ. "ಕಾಫಿ ಕುಡ್ದು ಹೊರಡಿ!" ನನ್ನ ಓದು ಉಳಿದದ್ದು ಹೀಗೆ. ಅದನ್ನು ಅವರಿಗೆ ನೆನಪಿಸುವ ಧೈರ್ಯ ಯಾರಿಗಿತ್ತು?

ಒಂದು ಸಂಜೆ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ: "ಲಿಗ್ಯೂಲ್. ಲ್ಯಾಟಿನ್ನಿನ 'ಲಿಗುಲಾ'ದಿಂದ ಬಂದದ್ದು. ಅರ್ಥ, ಪುಟ್ಟ ನಾಲಿಗೆ. ಹುಲ್ಲಿನ ಜಾತಿಯಲ್ಲಿ ಎಲೆಯು ಕಾಂಡವನ್ನು ಬಿಟ್ಟು ಹೊರಳುವಲ್ಲಿರುವ ತೆಳು ಪೊರೆ."

"ಯಾರೇ ಅವ್ರು, ಲ್ಯಾಟಿನ್ನೋರು? ಅವ್ರೂ ಕಳೆ ಕೀಳ್ತಿದ್ರಾ?"

"ಗೊತ್ತಿಲ್ಲ ದೊಡ್ಡಮ್ಮ."

"ಗೊತ್ತಿಲ್ದೆ ಪಾಸಾಯ್ತಾಳಂತೆ! ಬಾ ಇಲ್ಲಿ."

ಗದ್ದೆಗೆ ಕರೆದೊಯ್ದು ಒಂದು ಪೈರಿನ ಎಲೆಯನ್ನು ಹಿಂದಕ್ಕೆ ಬಗ್ಗಿಸಿದರು. ಬುಡದಲ್ಲಿ ಬಿಳಿ ಪೊರೆ ಎದ್ದು ನಿಂತಿತು. "ಇದು ಭತ್ತ." ಪಕ್ಕದ್ದನ್ನು ಬಗ್ಗಿಸಿದರು, ಅಲ್ಲಿ ಏನೂ ಇಲ್ಲ! "ಇದನ್ನ ಕಿತ್ತೆಸಿ."

ಲ್ಯಾಟಿನ್ ಹೆಸರಿಟ್ಟವರಿಗೆ ನಮಸ್ಕಾರ. ಆದರೆ ಗದ್ದೆಯಲ್ಲಿ ಬಗ್ಗಿದವರಿಗೆ ಆ ನಾಲಿಗೆ ಯಾವತ್ತೋ ಗೊತ್ತಿತ್ತು. ಇದನ್ನು ಯಾವ ಪಂಡಿತರ ಮುಂದೆ ಬೇಕಾದರೂ ಹೇಳುತ್ತೇನೆ!

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ತೆನೆಯಿಲ್ಲದ ಎರಡು ಪೈರು ಕೊಟ್ಟರು. ಎಲೆ ಬಗ್ಗಿಸಿ, ಭತ್ತ ಯಾವುದೆಂದು ತಟ್ಟನೆ ಹೇಳಿದೆ. ಪರೀಕ್ಷಕರು ಕನ್ನಡಕ ಏರಿಸಿದರು. "ಲೆನ್ಸ್ ಇಲ್ದೇನೇ? ಯಾರಮ್ಮ ಹೇಳ್ಕೊಟ್ಟಿದ್ದು?"

"ನಾನು ಪಾಸಾಗೋದೇ ಇಲ್ಲ ಅಂದೋರು ಸಾರ್!"

ಪದವಿಪತ್ರ ಬಂದ ದಿನ, ದೊಡ್ಡಮ್ಮನ ಬಾಯಿಂದ ಸೋಲು ಒಪ್ಪಿಸಲೇಬೇಕೆಂದು ಬದುವಿನ ಮೇಲೆ ಓಡಿದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಪತ್ರ ತೆಗೆದುಕೊಂಡರು.

"ನಿನ್ ಹೆಸ್ರು ಎಲ್ಲೈತೆ?"

ಅವರ ಬೆರಳು ಹಿಡಿದು ಅಲ್ಲಿಟ್ಟು, ಗಡಬಡಿಸಿ ಓದಿ ಮುಗಿಸಿದೆ. ಬೆರಳು ಅಲ್ಲಿಂದ ಏಳಲಿಲ್ಲ.

"ಇನ್ನೊಂದ್ಸಲ ಓದೇ, ನಿಧಾನಕ್ಕೆ," ಎಂದರು. "ಪಾಸಾಗಿದ್ದೀಯಲ್ಲ ಮಗಳೇ, ಇನ್ನೇನವಸ್ರ?"